ಅರುವತ್ತು ನಿಮಿಷದ ಲೆಕ್ಕ ಸರಿ ಮಾಡಿಕೊಟ್ಟವರಿಗೆ

ಆಪರೇಷನ್ನಿಗೆ ಮುಂಚೆ ಸೋಂಕು ತಡೆಯಲು ಕೊಡುವ ಆ್ಯಂಟಿಬಯೋಟಿಕ್ ಸರಿಯಾದ ಹೊತ್ತಿಗೆ ಹೋಗುತ್ತಿದೆಯಾ ಅಂತ ಕೇಸ್ ಶೀಟ್ ತೆಗೆದು ನೋಡುವ ನಮ್ಮ ಥಿಯೇಟರಿನ ಆಡಿಟ್‌ನ ಎರಡನೇ ಸುತ್ತು ಮೊನ್ನೆ ಮುಗಿಯಿತು. ಮೊದಲ ಸುತ್ತಿಗಿಂತ ಎಷ್ಟೋ ವಾಸಿ. ಮಂಗಳೂರಿನ ಗೆಳೆಯ ಡಾಕ್ಟರುಗಳು "ಇದಕ್ಕೆಲ್ಲ ಥ್ಯಾಂಕ್ಸ್ ಹೇಳ್ಬೇಕಾ ಮಾರಾಯ್ರೆ?" ಅಂತ ನಗಬಹುದು. ಹೇಳಲೇಬೇಕು, ಅದೂ ನಮ್ಮ ಆಪರೇಷನ್ಸ್ ಮ್ಯಾನೇಜರ್ ಮೇಡಂಗೆ ಮೊದಲು.

ಸಾಮಾನ್ಯ ಆ್ಯಂಟಿಬಯೋಟಿಕ್‌ಗಳ ನಿಯಮ ಸರಳ. ಚರ್ಮ ಕೊಯ್ಯುವ ಮುಂಚಿನ 60 ನಿಮಿಷದೊಳಗೆ ಇಂಜೆಕ್ಷನ್ ಆಗಿರಬೇಕು. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ತಂದ ಸರ್ಜರಿ ಚೆಕ್‌ಲಿಸ್ಟಿನಲ್ಲೂ ಈ ಪ್ರಶ್ನೆ ಇದೆ. ತುಂಬಾ ಮೊದಲೇ ಕೊಟ್ಟರೆ ಬೇಕಾದ ಹೊತ್ತಿಗೆ ರಕ್ತದಲ್ಲಿ ಔಷಧಿ ಇಳಿದಿರುತ್ತದೆ. ನಮ್ಮಲ್ಲಿ ಆಗುತ್ತಿದ್ದದ್ದೂ ಅದೇ. ವಾರ್ಡಿನವರು ಥಿಯೇಟರ್ ಕಡೆ ಬೆರಳು ತೋರಿಸಿದರು, ಥಿಯೇಟರಿನವರು ಲಿಫ್ಟ್ ಕಡೆ.

ಮೇಡಂ ಮೀಟಿಂಗ್ ಕರೆಯಲಿಲ್ಲ. ಬೆಳಿಗ್ಗೆ ವಾರ್ಡಿಗೆ ಹೋಗಿ ಸುಮ್ನೆ ನಿಂತು ನೋಡಿದರು. ಔಷಧಿಯ ಇಂಡೆಂಟ್, ಅಂದರೆ ತರಿಸುವ ಚೀಟಿ, ವಾರ್ಡಿನ ಹೆಸರಲ್ಲಿ, ಬಿಲ್ಲೂ ಅಲ್ಲೇ. ಹಾಗಾಗಿ ಥಿಯೇಟರಿನಿಂದ ಫೋನ್ ಬಂದ ಕೂಡಲೇ ಸಿಸ್ಟರ್ ಇಂಜೆಕ್ಷನ್ ಕೊಟ್ಟೇ ಕಳಿಸುತ್ತಿದ್ದರು. ಒಳಗಿನ ಕೇಸ್ ಎಳೆದರೆ ರೋಗಿ ಹೊರಗೆ ಟ್ರಾಲಿಯಲ್ಲೇ ಬಾಕಿ. ಕೇಸ್ ಶೀಟ್ ಎಷ್ಟು ತಿರುವಿದರೂ ಡಾಕ್ಟರಿಗೆ ಇದು ಕಾಣುವುದಿಲ್ಲ, ಬಿಲ್ಲಿಂಗ್ ಗೊತ್ತಿದ್ದವರಿಗೇ ಕಾಣಬೇಕು.

"ಔಷಧಿ ಥಿಯೇಟರಲ್ಲೇ ಇಡಿ ಡಾಕ್ಟ್ರೇ, ಬಿಲ್ ನಾನು ನೋಡ್ಕೊಳ್ತೇನೆ" ಅಂದರು. ಈಗ ಅನಸ್ತೇಶಿಯಾದವರೇ ಕೊಟ್ಟು, ಟೈಮ್ ಬರೆಯುತ್ತಾರೆ. ಓದಲಿಕ್ಕೆ ಬರುವ ಹಾಗೆ ಬರೆಯುತ್ತಾರೆ ಎಂಬುದಕ್ಕೆ ಬೇರೆಯೇ ಥ್ಯಾಂಕ್ಸ್!

ಇನ್ನೊಂದು ಉಪಕಾರ ಇದಕ್ಕಿಂತ ದೊಡ್ಡದು. ಮೇಲಿನವರು ಯಾವ ಸರ್ಜನ್‌ದು ಎಷ್ಟು ತಪ್ಪಿದೆ ಅಂತ ಪಟ್ಟಿ ಕೇಳಿದಾಗ, ಮೇಡಂ ಹೆಸರಿಲ್ಲದ ಪಟ್ಟಿಯನ್ನೇ ಕೊಟ್ಟರು. ಸೀನಿಯರುಗಳು ಗೊಣಗದೆ ಫೈಲ್ ಬಿಟ್ಟುಕೊಟ್ಟದ್ದು ಆ ನಂಬಿಕೆಯಿಂದಲೇ. ಪ್ರತಿ ರೋಗಿ ಕೊನೆಗೆ ಹೇಗಾದರು ಅಂತ ಬರೆದಿಡಿ ಎಂದು ಹಟ ಹಿಡಿದ ಬಾಸ್ಟನ್ನಿನ ಸರ್ಜನ್ ಅರ್ನೆಸ್ಟ್ ಕಾಡ್‌ಮನ್ 1914ರಲ್ಲಿ ಆಸ್ಪತ್ರೆಯ ಕೆಲಸವನ್ನೇ ಬಿಡಬೇಕಾಯಿತು. ಅವರಿಗೆ ಇಂಥ ಮ್ಯಾನೇಜರ್ ಸಿಕ್ಕಿರಲಿಲ್ಲ, ಅಲ್ವಾ?

ಆಟಿ ಮಳೆಯಲ್ಲಿ, ತಂಪು ಹಿಡಿದ ರೆಕಾರ್ಡ್ ರೂಮಿನಲ್ಲಿ ಫೈಲ್ ಹುಡುಕಿಕೊಟ್ಟವರಿಗೆ, ಟೈಮ್ ಬರೆಯದ ಶೀಟನ್ನು ವಾಪಸ್ ಕಳಿಸಿದ ಸಿಸ್ಟರ್‌ಗಳಿಗೆ ನಮಸ್ಕಾರ.

ಮುಂದಿನ ಆಡಿಟ್, ಆಪರೇಷನ್ ಆದ ಮೇಲೂ ಆ್ಯಂಟಿಬಯೋಟಿಕ್ ಎಷ್ಟು ದಿನ ಎಳೆಯುತ್ತೇವೆ ಅಂತ. ಅದಕ್ಕೆ ಬಿಲ್ಲಿಂಗ್ ಕಾರಣ ಅಂತ ನಾವು ಸರ್ಜನ್‌ಗಳು ಹೇಳುವ ಹಾಗಿಲ್ಲ. ಮೇಡಂ, ಆಗಲೂ ಜೊತೆಗಿರಿ.