ಅಮ್ಮನ ಲೆಕ್ಕದ ಪುಸ್ತಕದಲ್ಲಿ ಬಾಕಿ ಇರುವವರಿಗೆ

ಕಳೆದ ವರ್ಷ ದೀಪಾವಳಿ ಮುಗಿದ ವಾರ ಅಪ್ಪಯ್ಯನಿಗೆ ಹಾರ್ಟ್ ಅಟ್ಯಾಕ್ ಆಗಿತ್ತು. ನಿನ್ನೆ ವರ್ಷದ ಚೆಕಪ್ ಮುಗಿಸಿ, ಬಸ್ಸಿಳಿದು ಮನೆತನಕ ನಡೆದೇ ಬಂದರು. ಬಾಕಿ ಉಳಿದಿದ್ದ ಥ್ಯಾಂಕ್ಸ್ ಇವತ್ತು ಬರೆಯುತ್ತಿದ್ದೇನೆ.

ಮೊದಲು ನಮ್ಮ ತಪ್ಪು ಹೇಳಿಬಿಡುತ್ತೇನೆ. ಬೆಳಗಿನ ಜಾವ ಐದಕ್ಕೆ ಎದೆ ಹಿಂಡುತ್ತಿದೆ ಅಂದರು. ಆ ಚಳಿಯಲ್ಲೂ ಬನಿಯನ್ ಒದ್ದೆ. ನಾವು ಗ್ಯಾಸ್ ಅಂದುಕೊಂಡು ಜೀರಿಗೆ ಕಷಾಯ ಕುದಿಸುತ್ತಾ ಕೂತೆವು. ಮುಕ್ಕಾಲು ಗಂಟೆ ಸುಮ್ನೆ ಹೋಯಿತು. ಲೋಟ ಕಸಿದುಕೊಂಡು "ಮೊದಲು ಜೀಪ್ ಹತ್ತಿಸಿ" ಅಂದವರು ಹಾಲು ತಂದಿದ್ದ ಮೇಲಿನಮನೆ ಅತ್ತಿಗೆ. ನಮ್ಮಲ್ಲಿ 108ಕ್ಕೆ ಫೋನ್ ಮಾಡಲೂ ಗುಡ್ಡ ಹತ್ತಬೇಕು. ಅತ್ತಿಗೆ, ಮೊದಲ ನಮಸ್ಕಾರ ನಿಮಗೆ.

ತೀರ್ಥಹಳ್ಳಿ ತಾಲ್ಲೂಕು ಆಸ್ಪತ್ರೆಯಲ್ಲಿ ಬಂದ ಕೂಡಲೇ ಇಸಿಜಿ ತೆಗೆದರು. ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ ಕೊಟ್ಟರು. ಹೊರಗೆ ಇದಕ್ಕೆ ಸಾವಿರಾರು ರೂಪಾಯಿ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಿಂದಾಗಿ ನಾವು ಒಂದು ಪೈಸೆ ಕೊಡಲಿಲ್ಲ. 46ಕ್ಕೇ ಹೋದ ಅಪ್ಪು ನೆನಪಾಗಿ ಅಮ್ಮ ಅಲ್ಲೇ ಅತ್ತುಬಿಟ್ಟಳು. ಆಮೇಲೆ ಮಂಡಗದ್ದೆ, ಸಕ್ರೆಬೈಲು ದಾಟಿ ಶಿವಮೊಗ್ಗ. ಅಲ್ಲಿ ಆಂಜಿಯೋಗ್ರಾಮ್, ರಕ್ತನಾಳ ತೆರೆದಿಡಲು ಒಂದು ಸ್ಟೆಂಟ್. ಎರಡೂ ಕಡೆಯ ಡಾಕ್ಟರಿಗೆ, ರಾತ್ರಿಪೂರ್ತಿ ಎದ್ದಿದ್ದ ಸಿಸ್ಟರ್‌ಗಳಿಗೆ ಕೈ ಮುಗಿಯುತ್ತೇನೆ.

ನಮ್ಮದು ಎಪಿಎಲ್ ಕಾರ್ಡು. ಸರ್ಕಾರದ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಸಿಕ್ಕಿದ್ದು ಚಿಕಿತ್ಸೆಯ ಪ್ಯಾಕೇಜ್ ದರದ ಶೇ 30. ಉಳಿದದ್ದಕ್ಕೆ ಅಡಿಕೆ ಮಂಡಿಯಲ್ಲಿ ಮುಂಗಡ ತಂದೆವು. ಸ್ಟೆಂಟ್ ಬೆಲೆಗೆ 2017ರಲ್ಲಿ ಸರ್ಕಾರ ಮಿತಿ ಹಾಕಿತ್ತು. ಅದಕ್ಕೆ ಮೊದಲು ಔಷಧಿ ಲೇಪಿಸಿದ ಸ್ಟೆಂಟಿಗೆ ಲಕ್ಷ ದಾಟುತ್ತಿತ್ತು. ಆಗಿದ್ದರೆ ತೋಟದ ಮೇಲೇ ಸಾಲ ಮಾಡಬೇಕಿತ್ತು.

ಆದರೆ ನಮ್ಮನ್ನು ಹೆದರಿಸಿದ್ದು ಆಸ್ಪತ್ರೆ ಬಿಲ್ ಅಲ್ಲ, ತೋಟ. ಅಡಿಕೆ ಕೊಯ್ಲು ಆಗಷ್ಟೇ ಶುರುವಾಗಿತ್ತು. ಮರ ಹತ್ತಿ ಗೊನೆ ಇಳಿಸುವ ಕೊನೆಗಾರನಿಗೆ ಮರ ತೋರಿಸುವವರು, ಅಡಿಕೆ ಸುಲಿದ ಲೆಕ್ಕ ಇಡುವವರು, ರಾತ್ರಿ ಬೇಯಿಸುವ ಹಂಡೆಗೆ ಬೆಂಕಿ ಹಾಕುವವರು ಎಲ್ಲ ಅಪ್ಪಯ್ಯನೇ. ಅವರು ಮಲಗಿದರು, ಅಮ್ಮ ಅವರ ಪಕ್ಕ ಕೂತಳು, ನಾನು ಬೆಂಗಳೂರಿನ ಕೆಲಸಕ್ಕೆ ಸಂಬಳವಿಲ್ಲದ ರಜೆ ಹಾಕಿದೆ. ಒಬ್ಬರ ಎದೆನೋವಿಗೆ ಮೂರು ಜನರ ದುಡಿಮೆ ನಿಂತಿತು. ಅಡಿಕೆ ಕಾಯುತ್ತದೆಯೇ? ಹಣ್ಣಾದರೆ ಹಾಗೇ ಒಣಗಿಸಿ ಗೋಟು ಮಾಡಬೇಕು. ಗೋಟಿಗೆ, ಹಸಿರಿದ್ದಾಗಲೇ ಸುಲಿದು ಬೇಯಿಸಿದ ರಾಶಿ ಅಡಿಕೆಯ ರೇಟು ಎಲ್ಲಿ ಬರುತ್ತದೆ?

ಆಗಲೇ ಕೆಳಮನೆ ಭಾವ, ಶಾಲೆ ಹತ್ತಿರದ ಚಿಕ್ಕಪ್ಪ, ಅಕ್ಕಪಕ್ಕದ ನಾಲ್ಕು ಮನೆಯವರು ಮುಯ್ಯಾಳು ಲೆಕ್ಕದಲ್ಲಿ, ಅಂದರೆ ಕೂಲಿಯ ಬದಲು ಆಮೇಲೆ ಅಷ್ಟೇ ದಿನ ಅವರ ಕೆಲಸಕ್ಕೆ ನಾವು ಹೋಗುವ ಲೆಕ್ಕದಲ್ಲಿ, ಇಳಿದಿದ್ದು. ತಮ್ಮ ಕೊಯ್ಲು ಹಿಂದೆ ಹಾಕಿಕೊಂಡು ನಮ್ಮದು ಮುಗಿಸಿದರು. ಹೆಂಗಸರು ಸುಲಿಯಲು ಕೂತರೆ ರಾತ್ರಿ ಹತ್ತಾಗುತ್ತಿತ್ತು. ನಾವು ವಾಪಸ್ ಬಂದಾಗ ಅಂಗಳದಲ್ಲಿ ಬೇಯಿಸಿದ ಅಡಿಕೆ ಒಣಗುತ್ತಿತ್ತು. ಅಪ್ಪಯ್ಯ ಜಗುಲಿಯಲ್ಲಿ ಕೂತು ಒಂದನ್ನು ಕಚ್ಚಿ ನೋಡಿ, "ಬೇಯಿಸಿದ್ದು ಜಾಸ್ತಿಯಾಗಿದೆ" ಅಂದರು. ಹುಷಾರಾದರು ಅಂತ ನನಗೆ ಗೊತ್ತಾಗಿದ್ದು ಆಗಲೇ!

ಆಮೇಲೆ ಅಂಕಿಅಂಶ ಓದಿದೆ. ದೇಶದಲ್ಲಿ 1990ರಲ್ಲಿ ನೂರು ಸಾವಿನಲ್ಲಿ ಸುಮಾರು 15 ಹೃದಯ, ರಕ್ತನಾಳದ ಕಾಯಿಲೆಯಿಂದ. 2016ರ ಹೊತ್ತಿಗೆ 28. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಎಪ್ಪತ್ತು ದಾಟದವರು. 2012ರಿಂದ 2030ರೊಳಗೆ ಈ ಕಾಯಿಲೆಗಳಿಂದ ಭಾರತಕ್ಕೆ 2.17 ಲಕ್ಷ ಕೋಟಿ ಡಾಲರ್ ನಷ್ಟ ಅಂತ ವಿಶ್ವ ಆರ್ಥಿಕ ವೇದಿಕೆ ಮತ್ತು ಹಾರ್ವರ್ಡ್‌ನವರು 2014ರಲ್ಲೇ ಅಂದಾಜು ಮಾಡಿದ್ದರು. ಅಷ್ಟು ಸೊನ್ನೆ ನನ್ನ ತಲೆಗೆ ಹತ್ತಲ್ಲ. ಕೊಯ್ಲಿನ ಹೊತ್ತಿಗೆ ಯಜಮಾನ ಮಲಗಿದ ಮನೆಗಳು ಎಷ್ಟಿರಬಹುದು ಅಂತ ಯೋಚಿಸಿದರೆ ಹತ್ತುತ್ತದೆ. ಆ ಎಲ್ಲ ಮನೆಗೂ ಕೆಳಮನೆ ಭಾವ ಇರಲ್ಲ, ಅಲ್ವಾ?

ಈಗ ಅಪ್ಪಯ್ಯ ಬೀಡಿ ಬಿಟ್ಟಿದ್ದಾರೆ. ಅಪ್ಪೆಮಿಡಿ ಉಪ್ಪಿನಕಾಯಿ ಭರಣಿ ಅಟ್ಟ ಸೇರಿದೆ, ಅದರ ದುಃಖ ಇನ್ನೂ ಆರಿಲ್ಲ. ಮಾತ್ರೆ ತಪ್ಪಿಸದಂತೆ ಅಮ್ಮ ಕಾವಲು.

ಅವಳ ಪುಸ್ತಕದಲ್ಲಿ ಔಷಧಿ ಖರ್ಚಿನ ಹಿಂದಿನ ಪುಟದಲ್ಲಿ ಯಾರದು ಎಷ್ಟು ಆಳು ಅಂತ ಬರೆದಿದೆ. ಭಾವ, ನಿಮ್ಮದು ಆರು. ಚಿಕ್ಕಪ್ಪ, ನಿಮ್ಮದು ನಾಲ್ಕು. ಈ ಸಲ ಸಂಬಳ ಸಹಿತ ರಜೆ ಉಳಿಸಿಟ್ಟಿದ್ದೇನೆ. ಕೊನೆಗಾರ ಬರುವ ದಿನ ಹೇಳಿ, ಹಿಂದಿನ ರಾತ್ರಿ ಬಸ್ಸಿಗೇ ಹೊರಟು ಬರುತ್ತೇನೆ.