ಮಗಳಿಗೊಂದು ಪತ್ರ: ಪುಸ್ತಕ ಮುಚ್ಚಿಟ್ಟು ಓದು

ಜೇವರ್ಗಿ, ಏಪ್ರಿಲ್

ಪ್ರೀತಿಯ ಮಗಳೇ,

“ಅವ್ವಾ, ಎಷ್ಟು ಓದಿದ್ರೂ ತಲ್ಯಾಗ ನಿಂದ್ರವಲ್ದು” ಅಂತ ನಿನ್ನೆ ಫೋನಿನಲ್ಲಿ ಅತ್ತಿ. ಸಮಾಧಾನ ಹೇಳಿ ಫೋನ್ ಇಟ್ಟೆ, ಆದರೆ ಹೇಳಬೇಕಾದದ್ದು ಬಹಳ ಉಳಿಯಿತು. ಅದಕ್ಕೇ ಈ ಕಾಗದ.

ನಿನ್ನ ನೆನಪಿಗೆ ಏನೂ ಆಗಿಲ್ಲ, ತಾಯಿ. ಡಾಕ್ಟರ್ ಸೀಟಿನ ನೀಟ್ ಪರೀಕ್ಷೆ ಹತ್ತಿರ ಬಂತೆಂದು ಒಂದೇ ಪಾಠವನ್ನು ನಾಲ್ಕು ಸಲ ಓದುತ್ತೀ, ಸಾಲುಸಾಲಿಗೂ ಹಳದಿ ಗೆರೆ ಎಳೆಯುತ್ತೀ. ಕಣ್ಣಿಗೆ ರೂಢಿಯಾದ ಸಾಲನ್ನು ಮನಸ್ಸು “ಇದು ಬಂತು” ಅಂದುಕೊಂಡುಬಿಡುತ್ತದೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕ್ ಎಂಬ ಮನೋವಿಜ್ಞಾನಿಗಳು ಅಮೆರಿಕದಲ್ಲಿ ಇದನ್ನೇ ಪರೀಕ್ಷಿಸಿ ನೋಡಿದರು. ಕೆಲವು ವಿದ್ಯಾರ್ಥಿಗಳು ಪಾಠವನ್ನು ಮತ್ತೆ ಮತ್ತೆ ಓದಿದರು. ಇನ್ನು ಕೆಲವರು ಓದಿ, ಆಮೇಲೆ ನೋಡದೆ ನೆನಪಿದ್ದಷ್ಟು ಬರೆದರು. ಐದು ನಿಮಿಷದ ನಂತರ ಕೇಳಿದಾಗ ಬರೀ ಓದಿದವರದೇ ಮೇಲುಗೈ. ಒಂದು ವಾರ ಬಿಟ್ಟು ಕೇಳಿದಾಗ ನೋಡದೆ ಬರೆದವರು ಮುಂದಿದ್ದರು.

ನಮ್ಮ ಮುತ್ಯಾನನ್ನೇ ನೋಡು. ಶಾಲೆಯ ಮೆಟ್ಟಿಲು ಹತ್ತಿದವನಲ್ಲ, ಕಡಕೋಳ ಮಡಿವಾಳಪ್ಪನವರ ತತ್ವಪದ ಹಿಡಿದನೆಂದರೆ ಬೆಳತನಕ ಹಾಡುತ್ತಾನೆ. ಅವನಿಗೆ ಪದ ಬಂದದ್ದು ಭಜನೆಯಲ್ಲಿ. ಹಿರಿಯರು ಒಂದು ನುಡಿ ಹಾಡಿ ಬಿಡುತ್ತಾರೆ, ಉಳಿದವರು ಎತ್ತಿಕೊಳ್ಳಬೇಕು. ಮರೆತವರು ಮೊದಲು ತಾವೇ ತಡಕಾಡುತ್ತಾರೆ, ಸಿಗದಿದ್ದರೆ ಪಕ್ಕದವರು ಒಂದು ಶಬ್ದ ಎತ್ತಿಕೊಡುತ್ತಾರೆ. ಮುಂದಿನ ಸೋಮವಾರ ಮತ್ತೆ ಅದೇ ಪದ, ಅಮಾಸಿಗೆ ಇನ್ನೊಮ್ಮೆ. ನಡುವೆ ದಿನ ಬಿಟ್ಟು ಹೊರಳಿ ಬರುವುದರಲ್ಲೇ ಎಲ್ಲ ಇದೆ. ಜರ್ಮನಿಯ ಮನೋವಿಜ್ಞಾನಿ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯಿತೆಂದು ಅಳೆದು 1885ರಲ್ಲಿ ಪ್ರಕಟಿಸಿದ. ಮರೆವು ಮೊದಲ ದಿನವೇ ಜೋರು, ಆಮೇಲೆ ನಿಧಾನ; ಒಂದೇ ದಿನ ಉರು ಹೊಡೆಯುವುದಕ್ಕಿಂತ ದಿನಗಳಿಗೆ ಹಂಚಿ ಕಲಿತರೆ ಕಡಿಮೆ ಸಲ ಸಾಕು ಎಂಬುದು ಅವನಿಗೂ ಕಂಡಿತು.

ಇವತ್ತು ಕಿಡ್ನಿಯಲ್ಲಿ ರಕ್ತ ಸೋಸುವ ನೆಫ್ರಾನ್ ಬಗ್ಗೆ ಓದಿದೆಯಾ? ಪುಸ್ತಕ ಮುಚ್ಚಿ ಖಾಲಿ ಹಾಳೆಯ ಮೇಲೆ ಚಿತ್ರ ತೆಗೆ. ಬೌಮನ್ಸ್ ಕ್ಯಾಪ್ಸೂಲ್‌ನಿಂದ ಕಲೆಕ್ಟಿಂಗ್ ಡಕ್ಟ್ ತನಕ ಒಂದೊಂದೇ ಭಾಗದ ಹೆಸರು ಬರೆ. ಲೂಪ್ ಆಫ್ ಹೆನ್ಲೆ ಹತ್ತಿರ ಕೈ ನಿಂತರೆ ಗಾಬರಿಯಾಗಿ ಪುಟ ತೆರೆಯಬೇಡ, ಒಂದು ನಿಮಿಷ ಒದ್ದಾಡು. ಆ ಒದ್ದಾಟ ವ್ಯರ್ಥವಲ್ಲ. ಆಮೇಲೆ ತೆರೆದು, ತಪ್ಪಿದ್ದನ್ನು ಕೆಂಪು ಪೆನ್ನಿನಲ್ಲಿ ತಿದ್ದು. ನಾಳೆ ಮತ್ತೆ ಖಾಲಿ ಹಾಳೆ, ನಾಲ್ಕು ದಿನ ಬಿಟ್ಟು ಇನ್ನೊಂದು.

ಇನ್ನು ನಿನ್ನ ಕೋಣೆ. ಮೇಲಿನ ಮಹಡಿ, ಮೇಲೆ ಬರೀ ಸ್ಲ್ಯಾಬ್. ಕಲಬುರಗಿಯ ಬಿಸಿಲು 42 ಡಿಗ್ರಿ ಮುಟ್ಟುವ ದಿನ ಮಧ್ಯಾಹ್ನ ಅಲ್ಲಿ ಕೂತು ಫಿಸಿಕ್ಸ್ ಲೆಕ್ಕ ಬಿಡಿಸಿದರೆ ತಲೆ ಓಡದಿರುವುದು ಸಹಜ. ನಮ್ಮ ಭಾಗದಲ್ಲಿ ಏಪ್ರಿಲ್, ಮೇ ತಿಂಗಳು ಸರಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ತೆರೆದು 1.30ಕ್ಕೆ ಮುಚ್ಚುತ್ತವೆ. ನೀನೂ ಕಠಿಣ ಪಾಠಗಳನ್ನು ನಸುಕಿಗೆ ತಂದುಕೋ; ಐದಕ್ಕೆ ಎದ್ದರೆ ಒಂಬತ್ತರೊಳಗೆ ದಿನದ ಮುಖ್ಯ ಓದು ಮುಗಿಯುತ್ತದೆ. ಊಟದ ಮೇಲೆ ಇಪ್ಪತ್ತು ನಿಮಿಷ ಅಡ್ಡಾಗು. ಆದರೆ ನೀಟ್ ಶುರುವಾಗುವುದು ಮಧ್ಯಾಹ್ನ 2ಕ್ಕೆ, ಅದಕ್ಕೆ ವಾರದಲ್ಲಿ ಎರಡು ದಿನ ಅದೇ ಹೊತ್ತಿಗೆ ಕೂತು ಹಳೆಯ ಪ್ರಶ್ನೆಪತ್ರಿಕೆ ಬಿಡಿಸು, ಲೈಬ್ರರಿಯಲ್ಲಾದರೆ ಒಳ್ಳೆಯದು. ಮೈಯಲ್ಲಿ ನೀರು ಕಮ್ಮಿಯಾದರೂ ಗಮನ ಚದುರುತ್ತದೆ. ಮಜ್ಜಿಗೆ, ಅಂಬಲಿ, ನೀರು, ಯಾವುದಾದರೂ ಆಗಲಿ, ಬಾಯಿ ಒಣಗುವ ತನಕ ಕಾಯಬೇಡ.

ಓದುವಾಗ ಫೋನ್ ಗೆಳತಿಯ ಕೋಣೆಯಲ್ಲಿರಲಿ. ಮಗ್ಗುಲಿಗೆ ಬೋರಲು ಇಟ್ಟರೂ ಕೈ ಅತ್ತ ಹೋಗುತ್ತದೆ. ಅಲಾರಂ ಬೇಕಲ್ಲ ಅಂತೀಯ, ಅದಕ್ಕೆ ಗಡಿಯಾರ ಕೊಟ್ಟು ಕಳಿಸುತ್ತಿದ್ದೇನೆ.

ನಿದ್ದೆಗೆಟ್ಟು ಓದುತ್ತೀ ಎಂಬುದೇ ನನಗೆ ಎಲ್ಲಕ್ಕಿಂತ ದೊಡ್ಡ ಚಿಂತೆ. ನೀನು ಬಯಾಲಜಿ ಓದುವವಳು, ನಿನಗೆ ಗೊತ್ತಿರಬೇಕು: ಹಗಲು ಕಲಿತದ್ದನ್ನು ಮಿದುಳಿನ ಹಿಪೊಕ್ಯಾಂಪಸ್ ಎಂಬ ಭಾಗ ಗಾಢ ನಿದ್ದೆಯಲ್ಲಿ ಮತ್ತೆ ತಿರುವಿಹಾಕುತ್ತದೆ, ನೆನಪು ಗಟ್ಟಿಯಾಗುವುದು ಆಗಲೇ. ರಾತ್ರಿ ಎರಡರ ತನಕ ಕೂತರೆ ಸಂಜೆ ಓದಿದ್ದೂ ಹಾಳು. ಹತ್ತಕ್ಕೆ ಮಲಗು. ಕೋಣೆ ಕಾದಿದ್ದರೆ ಎಲ್ಲರೂ ಕೂಡಿ ಮಾಳಿಗಿ ಮೇಲೆ ಹಾಸಿಕೊಳ್ಳಿ, ಮಾಲಕಿಯನ್ನು ನಾನೇ ಕೇಳುತ್ತೇನೆ. ಸಂಜೆಯ ಮೇಲೆ ಚಹಾ ಬೇಡ. ಕುಡಿದು ಐದು ತಾಸಾದರೂ ಅದರ ಕೆಫೀನ್ ಸುಮಾರು ಅರ್ಧ ಮೈಯಲ್ಲೇ ಇರುತ್ತದೆ. ಗೆಳತಿ ಕುಡಿಯುವ ನೆನಪಿನ ಟಾನಿಕ್ಕಿಗೆ ದುಡ್ಡು ಹಾಕಬೇಡ.

ರವಿವಾರ ಕಾಕಾ ಬರುತ್ತಾರೆ. ಕಟಕ ರೊಟ್ಟಿ, ಶೇಂಗಾ ಹಿಂಡಿ, ಗಡಿಯಾರ ಕೊಡುತ್ತಾರೆ. ಅವತ್ತು ರಾತ್ರಿ ಎಂಟಕ್ಕೆ ಫೋನ್ ಹಚ್ಚು. ಪುಸ್ತಕ ನನ್ನ ಕೈಯಲ್ಲಿರುತ್ತದೆ, ನೀನು ನೋಡದೆ ನೆಫ್ರಾನ್ ಹೇಳು. ತಪ್ಪಿದಲ್ಲಿ ಒಂದು ಶಬ್ದ ಎತ್ತಿಕೊಡುತ್ತೇನೆ.

ನಿನ್ನ ಅವ್ವ