ಹಣ್ಣು ಹಂಚುವವರು ಒಂದು ಅರ್ಜಿಯನ್ನೂ ಬರೆದುಕೊಡಲಿ

ಮಾನ್ಯ ಸಂಪಾದಕರೇ,

ಯಾರದೋ ಹುಟ್ಟುಹಬ್ಬ, ಸರ್ಕಾರಿ ಆಸ್ಪತ್ರೆಯಲ್ಲಿ ಹಣ್ಣು-ಬ್ರೆಡ್ ವಿತರಣೆ, ಮಾರನೇ ದಿನ ಪತ್ರಿಕೆಯಲ್ಲಿ ಫೋಟೊ. ಒಂದು ಬಾಳೆಹಣ್ಣನ್ನು ಐದು ಕೈ ಹಿಡಿದಿರುತ್ತವೆ, ಮಂಚದ ಮೇಲಿರುವ ರೋಗಿಯ ಮುಖ ಮಾತ್ರ ಕಾಣುವುದಿಲ್ಲ. ಹೀಯಾಳಿಸುವುದಕ್ಕೆಂದು ಇದನ್ನು ಬರೆಯುತ್ತಿಲ್ಲ. ಹಣ್ಣು ಸಿಕ್ಕವರಿಗೆ ಸಿಗಲಿ. ಆದರೆ ತಾಲ್ಲೂಕು ಕಚೇರಿಯ ಎದುರಿಗೇ ಜೆರಾಕ್ಸ್ ಅಂಗಡಿ ಇಟ್ಟುಕೊಂಡು ಕೂತಿರುವ ನನಗೆ, ನಮ್ಮ ಜನಕ್ಕೆ ಬೇಕಾಗಿರುವ ಉಪಕಾರವೇ ಬೇರೆ ಅನ್ನಿಸುತ್ತದೆ. ಬಂದ ಕಾಗದವನ್ನು ಓದಿ ಹೇಳುವವರು ಬೇಕು. ನಾಲ್ಕು ಸಾಲಿನ ಅರ್ಜಿ ಬರೆದುಕೊಟ್ಟು, ಅದಕ್ಕೆ ಸೀಲು ಬೀಳುವ ತನಕ ಪಕ್ಕದಲ್ಲಿ ನಿಲ್ಲುವವರು ಬೇಕು.

ಕಳೆದ ಬೇಸಿಗೆಯಲ್ಲಿ ಒಬ್ಬ ಅಜ್ಜಿ ಬಂದಿದ್ದರು. ವಯಸ್ಸಾದವರಿಗೆ ಸರ್ಕಾರ ಕೊಡುವ ಸಂಧ್ಯಾ ಸುರಕ್ಷಾ ಪಿಂಚಣಿಯಲ್ಲಿ ತಿಂಗಳಿಗೆ ಬರುತ್ತಿದ್ದ 1200 ರೂಪಾಯಿ ನಿಂತುಹೋಗಿತ್ತು. ಸೆರಗಿನ ಗಂಟು ಬಿಚ್ಚಿ, ಮಡಚಿ ಮಡಚಿ ಗೆರೆ ಹರಿದಿದ್ದ ಕಾಗದವೊಂದನ್ನು ತೆಗೆದು ‘ಇದ್ರಲ್ಲಿ ಏನ್ ಬರ್ದವ್ರೆ ವಸಿ ನೋಡವ್ವ’ ಅಂದರು. ಖಾತೆಗೆ ಆಧಾರ್ ಜೋಡಣೆಯಾಗಿಲ್ಲ ಅಂತ ಬರೆದಿತ್ತು, ಅಷ್ಟೇ. ಅದನ್ನು ಅವರಿಗೆ ಯಾರೂ ಓದಿ ಹೇಳಿರಲಿಲ್ಲ. ನಾಡಕಚೇರಿಗೆ ಹೋದರೆ ಬ್ಯಾಂಕಿಗೆ ಹೋಗು ಅನ್ನುತ್ತಿದ್ದರು, ಬ್ಯಾಂಕಿಗೆ ಹೋದರೆ ಸರ್ವರ್ ಇಲ್ಲ ನಾಳೆ ಬಾ ಅನ್ನುತ್ತಿದ್ದರು. ಬ್ರೋಕರ್ ಒಬ್ಬ ಸಾವಿರ ರೂಪಾಯಿ ಕೇಳಿದ್ದನಂತೆ.

ಅಂಕಪಟ್ಟಿ ಜೆರಾಕ್ಸ್ ಮಾಡಿಸಲು ಬಂದಿದ್ದ ಡಿಗ್ರಿ ಹುಡುಗನೊಬ್ಬ ಇದನ್ನೆಲ್ಲ ಕೇಳಿಸಿಕೊಂಡು, ‘ಬಾ ಅಜ್ಜಿ, ನಾನೂ ಆ ಕಡೀಕೇ ಹೊಂಟಿದ್ದೀನಿ’ ಅಂದ. ಅವನ ಬಸ್ಸು ನಿಲ್ಲುವುದು ಬ್ಯಾಂಕಿಗೆ ಪೂರಾ ವಿರುದ್ಧ ದಿಕ್ಕಿನಲ್ಲಿ. ಸಾಲಿನಲ್ಲಿ ನಿಂತು, ಫಾರಂ ತುಂಬಿ, ಹೆಬ್ಬೆಟ್ಟು ಒತ್ತಿಸಿ, ಅಜ್ಜಿಯನ್ನು ಆಟೊ ಹತ್ತಿಸಿ ಹೋದನಂತೆ. ಹಣ ಮತ್ತೆ ಬರತೊಡಗಿತು. ಇಲ್ಲಿಗೆ ಇದು ದಯೆ. ಅವನು ಇಲ್ಲಿಗೇ ಬಿಡಲಿಲ್ಲ ಅನ್ನುವುದು ನನಗೆ ಮುಖ್ಯ. ವಾರ ಕಳೆದ ಮೇಲೆ ಬಂದು, ನನ್ನ ಅಂಗಡಿಯಲ್ಲೇ ಕೂತು, ಬ್ಯಾಂಕಿನ ಮ್ಯಾನೇಜರಿಗೆ ಒಂದು ಪುಟದ ಮನವಿ ಬರೆದ. ಓದಲು ಬಾರದವರ ಫಾರಂ ತುಂಬಿಕೊಡಲು ಯಾರನ್ನಾದರೂ ಕೂರಿಸಿ, ವಯಸ್ಸಾದವರಿಗೆ ಒಂದು ಬೆಂಚು ಹಾಕಿಸಿ, ತುಂಬಿದ ಮಾದರಿ ಫಾರಂ ಒಂದನ್ನು ಗೋಡೆಗೆ ಅಂಟಿಸಿ ಅಂತ. ಫಾರಂ ತುಂಬುವವರು ಇವತ್ತಿಗೂ ಬಂದಿಲ್ಲ. ಬೆಂಚು ಬಂತು, ಮಾದರಿಯೂ ಗೋಡೆ ಹತ್ತಿತು. ಮೊದಲನೇ ಕೆಲಸ ಅಜ್ಜಿಯೊಬ್ಬರಿಗೆ ಆಯಿತು, ಎರಡನೆಯದು ಆ ಬ್ಯಾಂಕಿನ ಬಾಗಿಲು ದಾಟುವ ಎಲ್ಲರಿಗೂ.

ನಮ್ಮಲ್ಲಿ ಈ ಎರಡನ್ನೂ ಬೇರೆ ಬೇರೆ ಜಾತಿ ಮಾಡಿಟ್ಟಿದ್ದೇವೆ. ಕೊಡುವವರು ಒಳ್ಳೆಯವರು, ಕೇಳುವವರು ತಂಟೆಕೋರರು. ಬೇಸಿಗೆಯಲ್ಲಿ ಬಸ್ ನಿಲ್ದಾಣದ ಮುಂದೆ ಅರವಟ್ಟಿಗೆ ಇಟ್ಟವರಿಗೆ ಹಾರ ಬೀಳುತ್ತದೆ. ಅದೇ ನಿಲ್ದಾಣದ ಒಳಗಿನ ನಲ್ಲಿ ಯಾಕೆ ಒಣಗಿದೆ ಅಂತ ಒಂದು ಅರ್ಜಿ ಹಾಕಿದವನನ್ನು ‘ಅವನಿಗ್ಯಾಕೆ ಬೇಕಿತ್ತು’ ಅನ್ನುತ್ತೇವೆ. ನೀರಿಟ್ಟ ಕೈಯೇ ಆ ಅರ್ಜಿಯನ್ನೂ ಬರೆದರೆ ಯಾರ ಮರ್ಯಾದೆ ಹೋಗುತ್ತದೆ?

ನಾವು ತಲೆ ಮೇಲೆ ಹೊತ್ತು ಮೆರೆಸುವ ದೊಡ್ಡವರ ಕಥೆಯಲ್ಲೂ ಈ ಕೇಳುವ ಭಾಗವನ್ನು ಹಾರಿಸಿಬಿಡುತ್ತೇವೆ. 2025ರ ನವೆಂಬರ್‌ನಲ್ಲಿ ತೀರಿಕೊಂಡ ಸಾಲುಮರದ ತಿಮ್ಮಕ್ಕ ಗಂಡ ಚಿಕ್ಕಯ್ಯನವರೊಂದಿಗೆ ಕೊಡದಲ್ಲಿ ನೀರು ಹೊತ್ತು ಹುಲಿಕಲ್-ಕುದೂರು ದಾರಿಯಲ್ಲಿ ಆಲದ ಸಸಿ ಬೆಳೆಸಿದ್ದು ಶಾಲೆಯ ಮಕ್ಕಳಿಗೂ ಗೊತ್ತು. ಪದ್ಮಶ್ರೀ ಬಂದ ವರ್ಷವೇ, 2019ರಲ್ಲಿ, ಬಾಗೇಪಲ್ಲಿ-ಹಲಗೂರು ರಸ್ತೆ ಅಗಲೀಕರಣಕ್ಕೆ ಆ ಮರಗಳೇ ಬಲಿಯಾಗುವ ಹೊತ್ತು ಬಂದಿತ್ತು. ಆಗ ಆ ವಯಸ್ಸಿನಲ್ಲಿ ಅವರು ಮುಖ್ಯಮಂತ್ರಿಯಾಗಿದ್ದ ಕುಮಾರಸ್ವಾಮಿಯವರನ್ನು ಕಂಡು, ಮರ ಕಡಿಯಬೇಡಿ ಅಂತ ಕೇಳಿಕೊಳ್ಳಬೇಕಾಯಿತು. ಬೇರೆ ದಾರಿ ನೋಡುತ್ತೇವೆ ಅಂತ ಸರ್ಕಾರ ಒಪ್ಪಿತು. ಪದ್ಮಶ್ರೀ ಪಡೆದವರಿಗೇ ನೆಟ್ಟರೆ ಸಾಲಲಿಲ್ಲ, ಹೋಗಿ ಕೇಳಲೂಬೇಕಾಯಿತು.

ಮಂಗಳೂರು ಬಳಿಯ ಹರೇಕಳದ ಹಾಜಬ್ಬನವರದೂ ಹಾಗೇ. ಬುಟ್ಟಿಯಲ್ಲಿ ಕಿತ್ತಳೆ ಮಾರುತ್ತಿದ್ದವರನ್ನು ವಿದೇಶಿಯರು ಬೆಲೆ ಎಷ್ಟು ಅಂತ ಇಂಗ್ಲಿಷಿನಲ್ಲಿ ಕೇಳಿದ್ದು, ಇವರಿಗೆ ಉತ್ತರ ಹೇಳಲಾಗದೆ ಹೋದದ್ದು, ನಮ್ಮೂರ ಮಕ್ಕಳಿಗೆ ಹೀಗಾಗಬಾರದು ಅಂತ ದುಡಿದ ಹಣ ಕೂಡಿಟ್ಟು ಶಾಲೆ ಮಾಡಿದ್ದು ಎಲ್ಲರ ಬಾಯಲ್ಲೂ ಇದೆ. ಬರೀ ಕಿತ್ತಳೆ ಮಾರಿದ ದುಡ್ಡಿಗೆ ಸರ್ಕಾರಿ ಶಾಲೆ ಎದ್ದೇಳುವುದಿಲ್ಲ. ಮಂಜೂರಾತಿ, ಜಾಗ, ಕಟ್ಟಡ, ಮುಂದಿನ ತರಗತಿಗಳು, ಪ್ರತಿಯೊಂದಕ್ಕೂ ಆ ಮನುಷ್ಯ ಕಚೇರಿಯಿಂದ ಕಚೇರಿಗೆ ಅಲೆದಿದ್ದಾರೆ. ಅದೂ ಓದು ಬರಹ ಇಲ್ಲದೆ. ಪದ್ಮಶ್ರೀ ಬಂತು ಅಂತ ಫೋನ್ ಬಂದಾಗ ಅವರು ರೇಷನ್ ಅಂಗಡಿ ಮುಂದೆ ಸಾಲಿನಲ್ಲಿ ನಿಂತಿದ್ದರಂತೆ. ಅಂಥವರ ಪರವಾಗಿ ಕಾಗದ ಬರೆದುಕೊಟ್ಟವರೂ ಇದ್ದೇ ಇರುತ್ತಾರಲ್ಲ, ಅವರ ಹೆಸರು ಯಾವ ಫಲಕದ ಮೇಲೂ ಇರುವುದಿಲ್ಲ. ನನಗೆ ಅವರ ಮೇಲೆ ಒಂದು ಪಾಲು ಹೆಚ್ಚೇ ಪ್ರೀತಿ, ಕಸುಬಿನ ಅಭಿಮಾನ ಅಂತಲೇ ಇಟ್ಟುಕೊಳ್ಳಿ.

ಇನ್ನು ಅರ್ಜಿ ಅಂದರೆ ಹೆದರುವಂಥದ್ದು ಏನಿದೆ ಅನ್ನುವುದನ್ನೂ ಹೇಳಿಬಿಡುತ್ತೇನೆ. ಬೀದಿದೀಪ ಉರಿಯುತ್ತಿಲ್ಲ ಅಂತಿಟ್ಟುಕೊಳ್ಳಿ. ‘ನಮ್ಮ ಬೀದಿಯಲ್ಲಿ ಕತ್ತಲು’ ಅಂತ ಬರೆದರೆ ಆ ಕಾಗದ ಕಡತದೊಳಗೇ ಮಲಗುತ್ತದೆ. ಕಂಬದ ಮೇಲೆ ಬಣ್ಣದಲ್ಲಿ ಬರೆದಿರುವ ನಂಬರ್, ಎದುರಿನ ಮನೆಯ ಗುರುತು, ಯಾವತ್ತಿನಿಂದ ಉರಿದಿಲ್ಲ ಅನ್ನುವುದು, ಇಷ್ಟು ಬರೆದರೆ ಲೈನ್‌ಮನ್ ಹುಡುಕಾಡಬೇಕಿಲ್ಲ. ಎರಡು ಪ್ರತಿ ಮಾಡಿ. ಒಂದನ್ನು ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟು, ಇನ್ನೊಂದರ ಮೇಲೆ ತಾರೀಖಿನ ಸೀಲು ಹಾಕಿಸಿಕೊಳ್ಳಿ. ‘ಸೀಲ್ ಯಾಕೆ, ನಾನಿಲ್ವಾ’ ಅನ್ನುತ್ತಾರೆ. ನಗುನಗುತ್ತಲೇ ಹಾಕಿಸಿಕೊಳ್ಳಿ. ಹದಿನೈದು ದಿನ ಬಿಟ್ಟು ಹೋಗಿ ಆ ಸೀಲಿನ ಮೇಲೆ ಬೆರಳಿಟ್ಟು ತೋರಿಸಿದರೆ ಮಾತಿನ ಧಾಟಿಯೇ ಬದಲಾಗುತ್ತದೆ, ದಿನಾ ನೋಡುತ್ತೇನೆ.

ಜಾತಿ ಪ್ರಮಾಣಪತ್ರವೋ ಆದಾಯ ಪ್ರಮಾಣಪತ್ರವೋ ಆದರೆ ಇಷ್ಟು ದಿನದೊಳಗೆ ಕೆಲಸ ಮುಗಿಸಿಕೊಡಬೇಕು ಅನ್ನುವ ‘ಸಕಾಲ’ ಕಾನೂನು 2012ರಿಂದ ಇದೆ. ಅರ್ಜಿ ಕೊಟ್ಟಾಗ ಸಿಗುವ 15 ಅಂಕಿಯ ನಂಬರ್ ಚೀಟಿಯನ್ನು ಜನ ಬಸ್ ಟಿಕೆಟ್ ಹಾಗೆ ಬಿಸಾಡುತ್ತಾರೆ. ಹೇಳಿದ ದಿನಕ್ಕೆ ಕೆಲಸ ಆಗದಿದ್ದರೆ ಮೇಲ್ಮನವಿ ಹಾಕಬಹುದು, ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಕೇಳಬಹುದು. ದುಡ್ಡು ದೊಡ್ಡದಲ್ಲ, ಅದು ತಡ ಮಾಡಿದವರ ಸಂಬಳದಿಂದ ಹೋಗಬೇಕು ಅನ್ನುವುದು ದೊಡ್ಡದು. ಸರ್ಕಾರದ ದಾಖಲೆ ಕೇಳುವ ಮಾಹಿತಿ ಹಕ್ಕಿನ (ಆರ್‌ಟಿಐ) ಅರ್ಜಿಗೆ ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಸಾಕು, ಬಿಪಿಎಲ್‌ನವರಿಗೆ ಅದೂ ಬೇಡ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. 30 ದಿನದೊಳಗೆ ಉತ್ತರ ಬರಬೇಕು. ಈ ಕಾನೂನು 2005ರಲ್ಲಿ ಸುಮ್ಮನೆ ಉದುರಲಿಲ್ಲ. ಕೂಲಿಯ ಲೆಕ್ಕದ ಪುಸ್ತಕ ತೋರಿಸಿ ಅಂತ ಕೇಳುತ್ತಿದ್ದ ರಾಜಸ್ಥಾನದ ಹಳ್ಳಿಯವರು 1996ರಲ್ಲಿ ಬ್ಯಾವರ್‌ನಲ್ಲಿ 40 ದಿನ ಧರಣಿ ಕೂತಿದ್ದರು.

‘ಆರ್‌ಟಿಐ ಕಾರ್ಯಕರ್ತ’ ಅನ್ನುವ ಬೋರ್ಡನ್ನು ಬೈಕಿಗೆ ಅಂಟಿಸಿಕೊಂಡು ವಸೂಲಿಗೆ ಇಳಿದವರೂ ನಮ್ಮ ತಾಲ್ಲೂಕಿನಲ್ಲಿ ಇಲ್ಲದೆ ಇಲ್ಲ. ಹಾಗಂತ ಹೆಸರು ಕೆಡಿಸಿದವರಿಗೆ ಕಾನೂನನ್ನೇ ಬಿಟ್ಟುಕೊಡುವುದೇ? ಹಾಗೆಯೇ ಕಚೇರಿಯಲ್ಲಿ ಕೂತವರೆಲ್ಲ ಕಟುಕರೂ ಅಲ್ಲ. ಮೂವರ ಕೆಲಸವನ್ನು ಒಬ್ಬರೇ ಎಳೆಯುತ್ತಿರುವ ಕೇಸ್ ವರ್ಕರ್ ಹೆಣ್ಣುಮಗಳೊಬ್ಬಳು ಮಧ್ಯಾಹ್ನದ ಊಟ ಬಿಟ್ಟು ಒಬ್ಬ ಅಂಗವಿಕಲರ ಕಡತ ಮುಗಿಸಿಕೊಟ್ಟಿದ್ದನ್ನು ಕಂಡಿದ್ದೇನೆ. ಅಂಥವರಿಗೆ ಧನ್ಯವಾದ ಹೇಳಿ ಎರಡು ಸಾಲು ಬರೆದು, ಅದನ್ನೂ ಟಪಾಲಿನಲ್ಲೇ ಕೊಡಿ. ದೂರುಗಳೇ ತುಂಬಿದ ಆ ರಾಶಿಯಲ್ಲಿ ಅಂಥದ್ದೊಂದು ಕಾಗದ ಬಂದರೆ ಮೇಲಧಿಕಾರಿಯೂ ಎರಡು ಸಲ ಓದುತ್ತಾರೆ.

ಸಂಘ-ಸಂಸ್ಥೆಯವರಲ್ಲಿ, ಅಭಿಮಾನಿ ಬಳಗದವರಲ್ಲಿ ನನ್ನ ಕೋರಿಕೆ ಇಷ್ಟು: ಈ ಸಲದ ಹುಟ್ಟುಹಬ್ಬಕ್ಕೆ ಹಣ್ಣಿನ ಜೊತೆಗೆ ನಾಲ್ಕು ಪೆನ್ನು, ಒಂದು ಸ್ಟ್ಯಾಂಪ್ ಪ್ಯಾಡು, ಓದಿದ ಇಬ್ಬರು ಹುಡುಗರನ್ನು ಕರೆತನ್ನಿ. ಸಂತೆಯ ದಿನ ತಾಲ್ಲೂಕು ಕಚೇರಿ ಮುಂದಿನ ಮರದ ಕೆಳಗೆ ಒಂದು ಮೇಜು ಹಾಕಿ ಕೂರಿ. ಟೋಕನ್ ಬೇಡ, ಬ್ಯಾನರ್ ಬೇಡ. ಬೇಕಿದ್ದರೆ ಜೆರಾಕ್ಸ್ ನಾನು ಪುಕ್ಕಟೆ ತೆಗೆದುಕೊಡುತ್ತೇನೆ, ಆ ದಿನ ಕರೆಂಟು ಇದ್ದರೆ.

ನಿಮ್ಮಲ್ಲೂ ಒಂದು ಕೋರಿಕೆ. ಆ ವಿತರಣೆಯ ಫೋಟೊ ಹಾಕುವ ಜಾಗದಲ್ಲಿ ವಾರಕ್ಕೊಂದು ಸಲ ಅರ್ಜಿಯ ಮಾದರಿಯೊಂದನ್ನು ಅಚ್ಚು ಹಾಕಿ. ಒಂದು ವಾರ ನಿಂತ ಪಿಂಚಣಿಗೆ, ಇನ್ನೊಂದು ವಾರ ಪಹಣಿ ತಿದ್ದುಪಡಿಗೆ, ಮತ್ತೊಂದು ವಾರ ಬೀದಿದೀಪಕ್ಕೆ. ಯಾರಿಗೆ ಬರೆಯಬೇಕು, ಯಾವ ದಾಖಲೆ ಲಗತ್ತಿಸಬೇಕು, ಎಷ್ಟು ದಿನಕ್ಕೆ ಉತ್ತರ ಬರಬೇಕು ಅನ್ನುವುದು ಅದರಲ್ಲೇ ಇರಲಿ. ಕತ್ತರಿಸಿ ಅಂಗಡಿಯ ಗೋಡೆಗೆ ಅಂಟಿಸುವ ಕೆಲಸ ನನ್ನದು. ಅಕ್ಷರ ಸ್ವಲ್ಪ ದಪ್ಪಗಿರಲಿ, ಓದುವವರಲ್ಲಿ ಕನ್ನಡಕ ಇಲ್ಲದವರೇ ಹೆಚ್ಚು.

ಇಂತಿ,
ಜೆರಾಕ್ಸ್ ಅಂಗಡಿಯ ಓದುಗಿ,
ಮಂಡ್ಯ ಜಿಲ್ಲೆ